ಹಳೆಯ ಕತ್ತಿ ಸಂಗ್ರಹಿಸುವವರಿಗೆ ಏಳು ಸೂತ್ರಗಳು

ಆವತಿ ನಾಡಪ್ರಭುಗಳು, ಚಿಕ್ಕಬಳ್ಳಾಪುರದ ಪಾಳೆಯಗಾರರು ಆಳಿದ ಸೀಮೆ ನಮ್ಮದು. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ಟಿಪ್ಪುವಿನಿಂದ ನಂದಿದುರ್ಗವನ್ನು ಕಿತ್ತುಕೊಂಡಿತು. ಇಂಥ ನೆಲದಲ್ಲಿ ಅಟ್ಟದ ಮೇಲೋ ದೇವರಮನೆಯಲ್ಲೋ ಹಳೆಯ ಕತ್ತಿ ಸಿಕ್ಕರೆ ಆಶ್ಚರ್ಯವಿಲ್ಲ. ಅದನ್ನು ಕೆಡಿಸದೆ ಉಳಿಸಿಕೊಳ್ಳುವುದೇ ಸಂಗ್ರಾಹಕನ ಯಶಸ್ಸು.

1. ಕೊಳ್ಳುವ ಮೊದಲು ಕಣ್ಣು ಪಳಗಿಸಿ. ಊರ ಬಾಗಿಲಿನ ವೀರಗಲ್ಲುಗಳಲ್ಲಿ ವೀರ ಹಿಡಿದ ಕತ್ತಿಯ ಆಕಾರ ಗಮನಿಸಿ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನ ಆಯುಧ ವಿಭಾಗಕ್ಕೆ ಒಂದು ಪೂರ್ತಿ ದಿನ ಕೊಡಿ. ಬಾಗಿದ ತಲವಾರನ್ನು ಗಂಗರ ಕಾಲದ್ದೆಂದು ಯಾರಾದರೂ ತೋರಿಸಿದರೆ ಆಮೇಲೆ ನೀವು ಮೋಸಹೋಗುವುದಿಲ್ಲ.

2. ಉಜ್ಜಬೇಡಿ. ಆಯುಧಪೂಜೆ ಬಂತೆಂದರೆ ಹುಣಸೆಹಣ್ಣು, ಇಟ್ಟಿಗೆಪುಡಿ ಹಚ್ಚಿ ಕತ್ತಿಯನ್ನು ಫಳಫಳ ಮಾಡುವ ರೂಢಿ ಎಷ್ಟೋ ಮನೆಗಳಲ್ಲಿದೆ. ಹುಳಿ ಉಕ್ಕಿನ ಮೈಯನ್ನೇ ತಿನ್ನುತ್ತದೆ. ಅಲಗಿನ ನೆರಿಗೆಗಳೂ ಕೆತ್ತಿದ ಅಕ್ಷರಗಳೂ ಅಳಿಸಿಹೋಗುತ್ತವೆ. ಜಪಾನಿನವರು ಈ ವಿಷಯದಲ್ಲಿ ನಮಗೆ ಗುರುಗಳು. ಹಿಡಿಯೊಳಗೆ ಅಡಗಿದ ಅಲಗಿನ ಬುಡದ ತುಕ್ಕನ್ನು ಅವರು ಮುಟ್ಟುವುದೇ ಇಲ್ಲ. ಕಮ್ಮಾರನ ಹೆಸರು ಕೊರೆದಿರುವುದು ಅಲ್ಲೇ, ವಯಸ್ಸು ತಿಳಿಯುವುದು ಆ ತುಕ್ಕಿನ ಬಣ್ಣದಿಂದಲೇ. ಎರಡನೇ ಮಹಾಯುದ್ಧದ ಜಪಾನಿ ಸೇನಾ ಕತ್ತಿಗಳಲ್ಲಿ ಕಾರ್ಖಾನೆಯ ಮಾಲು ಯಾವುದು, ಕೈಕೆಲಸ ಯಾವುದು ಎಂದು ಬೇರ್ಪಡಿಸಲು ಇಂದಿಗೂ ಬುಡವನ್ನೇ ನೋಡುತ್ತಾರೆ.

3. ಹಿಡಿಗೆ ಮರುಳಾಗದೆ ಉಕ್ಕು ನೋಡಿ. ಕಬ್ಬಿಣದ ಜೊತೆ ಕಟ್ಟಿಗೆ ಚೂರು, ಎಲೆ ಸೇರಿಸಿ, ಮಣ್ಣಿನ ಮೂಸೆಯ ಬಾಯಿ ಮುಚ್ಚಿ, ಇದ್ದಿಲ ಕುಲುಮೆಯಲ್ಲಿ ಕಾಸಿ ಉಕ್ಕು ತೆಗೆಯುವುದು ನಮ್ಮವರ ವಿದ್ಯೆಯಾಗಿತ್ತು. ಗೌರಿಬಿದನೂರಿಗೆ ಅಂಟಿಕೊಂಡ ಮಧುಗಿರಿ ಕಡೆಯ ಕಬ್ಬಿಣ, ಉಕ್ಕಿನ ಕೆಲಸದ ಬಗ್ಗೆ 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ವಿವರವಾಗಿ ಬರೆದಿದ್ದಾನೆ. ಇಂಥ ಉಕ್ಕಿನ ಒಳ್ಳೆಯ ಅಲಗನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಹರಿಯುವ ನೀರಿನಂಥ ಸಣ್ಣ ಗೆರೆಗಳು ಕಾಣುತ್ತವೆ. ಆಸಿಡ್ ಹಾಕಿ ಬರೆದ ನಕಲಿ ಗೆರೆ ಮೇಲ್ಮೈಯಲ್ಲಷ್ಟೇ ಇರುತ್ತದೆ.

4. ‘ಟಿಪ್ಪುವಿನದೇ ಕತ್ತಿ’ ಎಂದವರಿಗೆ ಕೈಮುಗಿದು ಹೊರಡಿ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಖಡ್ಗ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು. ಅಂಥ ಬೆಲೆ ಕೇಳಿದ ಮೇಲೆ ಟಿಪ್ಪುವಿನ ಗುರುತಾದ ಹುಲಿಪಟ್ಟೆಯನ್ನು ಯಾವುದೋ ಕತ್ತಿಗೆ ಕೊರೆಯುವವರಿಗೆ ಬರವೇ?

5. ಕಾನೂನು ಮೊದಲು, ಕತ್ತಿ ಆಮೇಲೆ. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾವಸ್ತು ಕಾಯ್ದೆ ಅನ್ವಯಿಸುತ್ತದೆ. ಮಾರುವವನಿಗೆ ಲೈಸೆನ್ಸ್ ಬೇಕು, ದೇಶದಿಂದಾಚೆ ಖಾಸಗಿಯಾಗಿ ಸಾಗಿಸುವಂತಿಲ್ಲ. ಒಂಬತ್ತು ಅಂಗುಲ ಮೀರಿದ ಅಲಗಿನ ಕತ್ತಿ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿದೆ. ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಹೊಲ ಉಳುವಾಗ ಸಿಕ್ಕಿದ್ದನ್ನು ಸರ್ಕಾರಕ್ಕೆ ತಿಳಿಸಲೇಬೇಕು.

6. ತೊಗಲಿನ ಒರೆಯಲ್ಲಿ ಇಟ್ಟು ಮರೆಯಬೇಡಿ. ನಂದಿಯ ಮಂಜಿನ ದಿನಗಳಲ್ಲಿ ತೊಗಲು ತೇವ ಹೀರಿ ಅಲಗಿಗೆ ತುಕ್ಕು ಹಿಡಿಸುತ್ತದೆ. ಪೂಜೆಯ ಅರಿಶಿನ ಕುಂಕುಮವನ್ನು ಅಂದೇ ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ. ಬರಿಗೈಯಲ್ಲಿ ಅಲಗು ಮುಟ್ಟಬೇಡಿ. ಹಿಡಿ ಸಡಿಲವಾಗಿದ್ದರೆ ಬೆಂಕಿಗೆ ಒಡ್ಡಬೇಡಿ. ತಲವಾರಿನ ಹಿಡಿಯೊಳಗೆ ಅರಗು ತುಂಬಿರುತ್ತದೆ.

7. ಮನೆಯ ಹಿರಿಯರ ಮಾತು ಬರೆದಿಟ್ಟುಕೊಳ್ಳಿ. ಯಾರ ಕೈಯಿಂದ ಬಂತು, ಯಾವ ಊರು, ಯಾವ ಹಬ್ಬಕ್ಕೆ ಹೊರಗೆ ತೆಗೆಯುತ್ತಿದ್ದರು ಎಂಬುದನ್ನು ಕೇಳಿ. ನನ್ನ ಮಟ್ಟಿಗೆ, ಈ ಟಿಪ್ಪಣಿ ಇಲ್ಲದ ಕತ್ತಿಗೆ ಅರ್ಧ ಬೆಲೆ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳೆ ಮನೆ ಕೆಡವುವವರಲ್ಲಿ ಒಂದೇ ಬಿನ್ನಹ: ಅಟ್ಟದಲ್ಲಿ ಕತ್ತಿ ಸಿಕ್ಕರೆ ಗುಜರಿಯವನ ತಕ್ಕಡಿಗೆ ಹಾಕುವ ಮೊದಲು ಬಲ್ಲವರಿಗೊಮ್ಮೆ ತೋರಿಸಿ.