ಗುಮ್ಮಟವಿಲ್ಲದ ಮಸೀದಿ

ಪ್ರಶ್ನೆ: ಚೀನಾಕ್ಕೆ ಹೋಗಿಬಂದ ಗೆಳೆಯರು ಷಿಯಾನ್ ಮಹಾ ಮಸೀದಿಯ ಫೋಟೋ ತೋರಿಸಿದರು. ಗುಮ್ಮಟವಿಲ್ಲ, ಮಿನಾರಿಲ್ಲ, ಥೇಟ್ ಬೌದ್ಧ ಗುಡಿ. ಅದು ನಿಜಕ್ಕೂ ಮಸೀದಿಯೇ? ಇಸ್ಲಾಂ ಅಷ್ಟು ದೂರ ಹೋದದ್ದು ಹೇಗೆ?
(ಓದುಗರೊಬ್ಬರು, ವಡಪಳನಿ, ಚೆನ್ನೈ)

ಉತ್ತರ: ಮಸೀದಿಯೇ, ಅನುಮಾನ ಬೇಡ. ಈಗಿನ ಕಟ್ಟಡಗಳು ಬಹುಪಾಲು ಮಿಂಗ್ ಅರಸರ ಕಾಲದಿಂದ ಈಚಿನವು. ಅಂಗಳದ ಹಿಂದೆ ಅಂಗಳ, ತುದಿ ಮೇಲಕ್ಕೆ ಬಾಗಿದ ಮಾಡು, ನೀಲಿ ಹೆಂಚು. ನಡುವಿನ ಅಂಗಳದಲ್ಲಿರುವ ಎಂಟು ಮೂಲೆಯ ಗೋಪುರವೇ ಅಲ್ಲಿಯ ಮಿನಾರು. ಗುಟ್ಟಿರುವುದು ದಿಕ್ಕಿನಲ್ಲಿ. ಚೀನಾದ ಗುಡಿಗಳು ಸಾಮಾನ್ಯವಾಗಿ ದಕ್ಷಿಣಕ್ಕೆ ಮುಖ ಮಾಡಿದರೆ, ಇದು ಪೂರ್ವದಿಂದ ಪಶ್ಚಿಮಕ್ಕೆ, ಮೆಕ್ಕಾದ ಕಡೆಗೆ ಚಾಚಿಕೊಂಡಿದೆ. ಒಳಗೆ ಮರದ ಹಲಗೆಗಳ ಮೇಲೆ ಕುರಾನ್ ಕೆತ್ತಿದ್ದಾರೆ.

ಷಿಯಾನ್‌ಗೆ ವರ್ತಕರು ರೇಷ್ಮೆ ದಾರಿಯಲ್ಲಿ ಬಂದರು. ದಕ್ಷಿಣದ ಬಂದರುಗಳಿಗೆ ಅರಬ್ಬರೂ ಪರ್ಷಿಯನ್ನರೂ ಹಡಗೇರಿ ಹೋದರು. ಚುವಾನ್‌ಝೌ ಬಂದರಿನಲ್ಲಿ 1009ರಲ್ಲಿ ಕಟ್ಟಿದ ಕಲ್ಲಿನ ಮಸೀದಿ ಇದೆ. ಅದು ಮಾತ್ರ ಅರಬ್ ನಾಡಿನದರಂತೆಯೇ ಕಾಣುತ್ತದೆ. ಅದೇ ಊರಿನಲ್ಲಿ ತಮಿಳು ವರ್ತಕರ ಶಿವಾಲಯವಿತ್ತು, 1281ರ ತಮಿಳು ಶಾಸನ ಸಿಕ್ಕಿದೆ. ನಿಮ್ಮ ನೆರೆಮನೆಯವರಿಗೆ ಹೇಳಿ, ಹಿಗ್ಗುತ್ತಾರೆ.

ಆ ಹಡಗುಗಳ ದಾರಿ ನಮ್ಮ ಕರಾವಳಿಯ ಮಗ್ಗುಲಲ್ಲೇ ಇತ್ತು. 14ನೇ ಶತಮಾನದ ಇಬ್ನ್ ಬತೂತ ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸಲ್ಮಾನರಿದ್ದರೆಂದು ಬರೆದಿದ್ದಾನೆ. ಚೀನೀ ಹಡಗುಗಳನ್ನು ಕಂಡದ್ದು ಕಲ್ಲಿಕೋಟೆಯಲ್ಲಿ. ಮುಂದಿನ ಶತಮಾನದಲ್ಲಿ ಅದೇ ಕಲ್ಲಿಕೋಟೆಗೆ ಚೀನಾದ ಭಾರೀ ನೌಕಾಪಡೆ ತಂದ ಜೆಂಗ್ ಹೆ ಹುಟ್ಟಿದ್ದು ಮುಸಲ್ಮಾನ ಮನೆಯಲ್ಲಿ. ಊರಿನ ಬಡಗಿ, ಊರಿನ ಕಲ್ಲು, ಊರಿನ ಮಳೆ ನೋಡಿಕೊಂಡು ಮಸೀದಿ ಏಳುವುದು ಚೀನಾದ ಕಥೆ ಮಾತ್ರವಲ್ಲ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ ನೋಡಿದಾಗ ನನಗೆ ನೆನಪಾಗುವುದು ತುಳುನಾಡಿನ ಗುತ್ತಿನ ಮನೆ.

ಷಿಯಾನ್ ದೂರವಾಯಿತು, ತಿರುವಲ್ಲಿಕ್ಕೇಣಿ ಹತ್ತಿರ. ವಡಪಳನಿಯಲ್ಲಿ ಮೆಟ್ರೋ ಹತ್ತಿ, ಸೆಂಟ್ರಲ್‌ನಲ್ಲಿ ಬದಲಿಸಿ, ಗವರ್ನ್‌ಮೆಂಟ್ ಎಸ್ಟೇಟ್‌ನಲ್ಲಿ ಇಳಿಯಿರಿ. ಆರ್ಕಾಟಿನ ನವಾಬ ವಾಲಾಜಾನ ಮನೆತನ 1795ರಲ್ಲಿ ಕಟ್ಟಿಸಿದ ದೊಡ್ಡ ಮಸೀದಿ ಅಲ್ಲಿದೆ; ಬೂದುಬಣ್ಣದ ಗ್ರಾನೈಟ್ ಕಟ್ಟಡ, ಮರ ಕಬ್ಬಿಣ ಬಳಸಿಲ್ಲವೆನ್ನುತ್ತಾರೆ. ಕಟ್ಟಿದ ವರ್ಷವನ್ನು ಅಕ್ಷರಗಳಲ್ಲಿ ಅಡಗಿಸಿಟ್ಟ ಪರ್ಷಿಯನ್ ಪದ್ಯ ಅಲ್ಲಿಯ ಕಲ್ಲಿನಲ್ಲಿದೆ. ಬರೆದವನು ನವಾಬರ ಆಸ್ಥಾನದ ಹಿಂದೂ ವಿದ್ವಾಂಸ ರಾಜಾ ಮಖನ್ ಲಾಲ್. ನಮಾಜಿನ ಹೊತ್ತು ತಪ್ಪಿಸಿ ಹೋಗಿ, ಶುಕ್ರವಾರ ಮಧ್ಯಾಹ್ನವಂತೂ ಬೇಡ.