ಬೆಣೆದಿಂಬು ಮತ್ತು ಎದೆಯುರಿ

ಹಗಲೆಲ್ಲ ನೆಮ್ಮದಿಯಾಗಿದ್ದವರು ರಾತ್ರಿ ಮಲಗಿದೊಡನೆ ಎದೆಯುರಿಯಿಂದ ಎದ್ದು ಕುಳಿತುಕೊಳ್ಳುವುದನ್ನು ನಾವು ಅನೇಕ ಮನೆಗಳಲ್ಲಿ ಕಾಣುತ್ತೇವೆ. ಕುಳಿತರೆ ಉರಿ ತಗ್ಗುತ್ತದೆ. ಮಲಗಿದರೆ ಮರಳಿ ಬರುತ್ತದೆ. ಇದಕ್ಕೆ ಕಾರಣವೇನು?

ನಾವು ನುಂಗಿದ ಆಹಾರವು ಸುಮಾರು 25 ಸೆಂ.ಮೀ. ಉದ್ದದ ಅನ್ನನಾಳದ ಮೂಲಕ ಜಠರವನ್ನು ಸೇರುತ್ತದೆ. ಜಠರರಸದಲ್ಲಿ ಹೈಡ್ರೊಕ್ಲೋರಿಕ್ ಆಮ್ಲವಿದೆ. ಜಠರದ ಒಳಗೋಡೆಗೆ ಲೋಳೆಯ ದಪ್ಪ ಲೇಪವಿರುವುದರಿಂದ ಆಮ್ಲವು ಅದನ್ನು ಸುಡಲಾರದು. ಅನ್ನನಾಳಕ್ಕೆ ಅಂತಹ ರಕ್ಷಣೆಯಿಲ್ಲ. ಆದುದರಿಂದ ಇವೆರಡೂ ಕೂಡುವೆಡೆಯಲ್ಲಿ ಉಂಗುರದಂತಹ ಸ್ನಾಯುವೊಂದು ಬಾಗಿಲು ಕಾಯುತ್ತದೆ. ಅದು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲಗೊಂಡರೆ ಆಮ್ಲವು ಮೇಲಕ್ಕೆ ನುಗ್ಗಿ ಉರಿಯನ್ನುಂಟುಮಾಡುತ್ತದೆ.

ನಿಂತಿರುವಾಗ ಗುರುತ್ವಾಕರ್ಷಣೆಯು ಆ ಆಮ್ಲವನ್ನು ಕೆಳಕ್ಕೆಳೆಯುತ್ತದೆ. ನುಂಗಿದ ಲಾಲಾರಸವು ಉಳಿದುದನ್ನು ತೊಳೆಯುತ್ತದೆ. ಅದರಲ್ಲಿರುವ ಬೈಕಾರ್ಬೊನೇಟ್ ಆಮ್ಲತೆಯನ್ನು ಕುಂದಿಸುತ್ತದೆ. ನಿದ್ರೆಯಲ್ಲಿ ಈ ಎರಡು ನೆರವೂ ಕುಗ್ಗುತ್ತವೆ: ದೇಹವು ಅಡ್ಡವಾಗಿರುತ್ತದೆ, ಲಾಲಾರಸವು ಸ್ರವಿಸುವುದೂ ನಾವು ನುಂಗುವುದೂ ಬಹಳ ಕಡಮೆಯಾಗುತ್ತವೆ. ಹೀಗೆ ಆಮ್ಲವು ರಾತ್ರಿ ರಾತ್ರಿಯೂ ಬಹುಹೊತ್ತು ನಿಂತರೆ ಅನ್ನನಾಳದಲ್ಲಿ ಹುಣ್ಣಾಗಬಹುದು.

ಗುರುತ್ವದ ನೆರವನ್ನು ಮರಳಿ ಪಡೆಯುವ ಸುಲಭ ಸಾಧನವೇ ಬೆಣೆಯಾಕಾರದ ದಿಂಬು. ಅದರ ಇಳಿಜಾರಿನ ಉದ್ದ 60 ಸೆಂ.ಮೀ., ಎತ್ತರದ ತುದಿ 18 ಸೆಂ.ಮೀ. ಎಂದು ಭಾವಿಸೋಣ. ಅಂದರೆ ಇಳಿಜಾರಿನಲ್ಲಿ 10 ಸೆಂ.ಮೀ. ಸಾಗಿದರೆ 3 ಸೆಂ.ಮೀ. ಏರಿದಂತಾಯಿತು, ಕೋನವು ಸುಮಾರು 17 ಡಿಗ್ರಿ. ಈ ಲೆಕ್ಕದಂತೆ ಅನ್ನನಾಳದ ಮೇಲ್ತುದಿಯು ಕೆಳತುದಿಗಿಂತ ಸುಮಾರು 7.5 ಸೆಂ.ಮೀ. ಎತ್ತರದಲ್ಲಿರುತ್ತದೆ. ಮೇಲೆ ಬಂದ ಆಮ್ಲವು ಜಠರಕ್ಕೆ ಬೇಗನೆ ಮರಳಲು ಇದು ನೆರವಾಗುತ್ತದೆ.

ಹಾಗಾದರೆ ಎರಡು ಮೂರು ದಿಂಬುಗಳನ್ನು ಪೇರಿಸಿದರೆ ಸಾಲದೆ? ಸಾಲದು. ಆಗ ಏರುವುದು ತಲೆ ಮಾತ್ರ. ಕತ್ತು ಬಾಗುತ್ತದೆ, ಎದೆಯು ಮಟ್ಟವಾಗಿಯೇ ಉಳಿಯುತ್ತದೆ. ಬೆಣೆದಿಂಬಿನ ತೆಳು ಅಂಚು ಸೊಂಟದ ಬಳಿಗೆ ಬಂದು, ಬೆನ್ನಿನಿಂದ ತಲೆಯವರೆಗೂ ಒಂದೇ ಇಳಿಜಾರಾಗಬೇಕು. ಇಂತಹ ದಿಂಬಿಲ್ಲದವರು ಮಂಚದ ತಲೆಗಡೆಯ ಕಾಲುಗಳ ಕೆಳಗೆ 15ರಿಂದ 20 ಸೆಂ.ಮೀ. ದಪ್ಪದ ಮರದ ತುಂಡುಗಳನ್ನು ಭದ್ರವಾಗಿ ಇಡಬಹುದು. ಊಟವಾಗಿ ಮೂರು ಗಂಟೆಯಾದ ಮೇಲೆ ಮಲಗುವುದೂ ಎಡಮಗ್ಗುಲಾಗಿ ಮಲಗುವುದೂ ಹಿತಕರ.

ಆದರೆ ದಿಂಬು ಔಷಧವಲ್ಲ. ಮಟ್ಟವಾಗಿ ಮಲಗಿದೊಡನೆ ಉಸಿರು ಕಟ್ಟಿ, ಎದ್ದು ಕುಳಿತಾಗ ಸರಾಗವಾಗುವುದು ಹೃದಯದ ದೌರ್ಬಲ್ಯದ ಕುರುಹಾಗಿರಬಹುದು. ಅಲ್ಲಿ ಎತ್ತರದ ದಿಂಬು ಕ್ಷಣದ ಸುಖವನ್ನು ಕೊಟ್ಟು ರೋಗವನ್ನು ಮರೆಸೀತು. ಅಂತಹವರನ್ನೂ, ನುಂಗಲು ಕಷ್ಟಪಡುವವರನ್ನೂ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹಸುಗೂಸುಗಳನ್ನಂತೂ ಇಳಿಜಾರಿನ ಮೇಲೆ ಮಲಗಿಸಲೇಬಾರದು. ತಲೆ ಮುಂದಕ್ಕೆ ಬಾಗಿ ಉಸಿರಿನ ದಾರಿ ಮುಚ್ಚುವ ಅಪಾಯವಿದೆ.