ವರ್ಷದ ನೇಮವೂ ದಾರಿಯ ಲೆಕ್ಕವೂ

೧. ನೇಮ ಮತ್ತು ಛಲ

ಸಂಸ್ಕೃತದ ‘ನಿಯಮ’ವು ಕನ್ನಡದ ಬಾಯಲ್ಲಿ ‘ನೇಮ’ವಾಯಿತು. ವ್ಯಾಕರಣದ ದೃಷ್ಟಿಗೆ ಇದು ತದ್ಭವ ಮಾತ್ರ. ಬಳಕೆಯಲ್ಲಾದರೋ ಎರಡಕ್ಕೂ ಅಂತರವುಂಟು. ನಿಯಮವನ್ನು ಅನ್ಯರು ವಿಧಿಸಬಹುದು. ನೇಮವನ್ನು ಹಿಡಿಯತಕ್ಕವನು ತಾನೇ. ‘ಶಾಲೆಯ ನಿಯಮ’ ಎನ್ನುತ್ತೇವೆ, ‘ಅವ್ವನ ಸೋಮವಾರದ ನೇಮ’ ಎನ್ನುತ್ತೇವೆ. ಮೊದಲನೆಯದನ್ನು ಮುರಿದರೆ ದಂಡಿಸುವವರಿದ್ದಾರೆ. ಎರಡನೆಯದನ್ನು ಮುರಿದರೆ ಮುರಿದವನ ಮನಸ್ಸು ಮಾತ್ರ ಬಲ್ಲದು.

‘ಛಲ’ವೆಂಬ ಶಬ್ದದ ಕಥೆ ಇನ್ನೂ ಸೋಜಿಗದ್ದು. ಸಂಸ್ಕೃತದಲ್ಲಿ ಛಲವೆಂದರೆ ಕಪಟ, ವಂಚನೆ. ಕನ್ನಡದಲ್ಲಿ ಅದೇ ಶಬ್ದಕ್ಕೆ ಹಿಡಿದುದನ್ನು ಬಿಡದ ದೃಢತೆಯೆಂಬ ಅರ್ಥ ನೆಲೆಗೊಂಡಿದೆ. ಪಂಪನು ತನ್ನ ಭಾರತದಲ್ಲಿ ಛಲಕ್ಕೆ ದುರ್ಯೋಧನನನ್ನು ನಿದರ್ಶನವಾಗಿ ಹೆಸರಿಸುವಾಗ ಅಲ್ಲಿರುವುದು ಮೆಚ್ಚುಗೆಯೇ ಹೊರತು ನಿಂದೆಯಲ್ಲ. ಒಂದೇ ಶಬ್ದದೊಳಗೆ ದೃಢತೆಯೂ ವಂಚನೆಯೂ ಹೀಗೆ ಅಕ್ಕಪಕ್ಕದ ಮನೆಯವರಂತೆ ವಾಸವಾಗಿರುವುದನ್ನು ಅನೇಕ ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಅದರ ಅರ್ಥವು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ಸೈಕಲ್ಲಿನ ಸೀಟಿನ ಮೇಲೆ. ಆ ಪಾಠವನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ಲೋಕದ ವರ್ಷಸವಾರರು

ಒಂದು ವರ್ಷದ ಅವಧಿಯಲ್ಲಿ ಒಬ್ಬ ಮನುಷ್ಯನು ಸೈಕಲ್ಲಿನಿಂದ ಎಷ್ಟು ದಾರಿ ಸಾಗಬಲ್ಲನೆಂಬ ಪ್ರಶ್ನೆಯನ್ನು ಇಂಗ್ಲೆಂಡಿನ ‘ಸೈಕ್ಲಿಂಗ್’ ಎಂಬ ಪತ್ರಿಕೆಯು ೧೯೧೧ರಲ್ಲಿ ಒಂದು ಸ್ಪರ್ಧೆಯ ರೂಪದಲ್ಲಿ ಎತ್ತಿತು. ಆ ವರ್ಷ ಮಾರ್ಸೆಲ್ ಪ್ಲಾನೆಸ್ ಎಂಬವನು ೩೪,೩೬೬ ಮೈಲಿ ಸಾಗಿದನು. ಮುಂದೆ ಈ ದಾಖಲೆಯನ್ನು ಹಲವರು ಮುರಿದರು. ಅವರೆಲ್ಲರ ನಡುವೆ ಇಂದಿಗೂ ಸ್ಮರಣೀಯನಾದವನು ಟಾಮಿ ಗಾಡ್ವಿನ್. ಆತನು ೧೯೧೨ರಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ಅಂಗಡಿಯ ಸಾಮಾನನ್ನು ಸೈಕಲ್ಲಿನ ಮೇಲೆ ಮನೆಮನೆಗೆ ಮುಟ್ಟಿಸುವ ಕೆಲಸಕ್ಕೆ ಸೇರಿದನು. ಆತನು ಸಸ್ಯಾಹಾರಿಯಾಗಿದ್ದನೆಂಬುದನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬಹುದು. ೧೯೩೯ನೆಯ ವರ್ಷ ಪೂರ್ತಿ ತುಳಿದು ಆತನು ೭೫,೦೬೫ ಮೈಲಿಗಳನ್ನು, ಎಂದರೆ ಸುಮಾರು ೧,೨೦,೮೦೦ ಕಿಲೋಮೀಟರುಗಳನ್ನು ಕ್ರಮಿಸಿದನು. ದಿನವೊಂದಕ್ಕೆ ಸರಾಸರಿ ೩೩೧ ಕಿಲೋಮೀಟರು! ಆ ವರ್ಷದ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿ ಊರಿಗೆ ಊರೇ ರಾತ್ರಿ ದೀಪ ಮುಚ್ಚಿದಾಗಲೂ ಆತನು ಕತ್ತಲೆಯ ರಸ್ತೆಗಳಲ್ಲಿ ಸಾಗುತ್ತಲೇ ಇದ್ದನು. ಈ ದಾಖಲೆಯು ೭೬ ವರ್ಷ ಅಚಲವಾಗಿ ನಿಂತಿತು. ೨೦೧೬ರ ಜನವರಿಯಲ್ಲಿ ಅಮೆರಿಕದ ಕರ್ಟ್ ಸರ್ವೋಗಲ್ ೭೬,೦೭೬ ಮೈಲಿ ಮುಟ್ಟಿ ಅದನ್ನು ದಾಟಿದರು. ಮರುವರ್ಷ ಅದೇ ದೇಶದ ಅಮಾಂಡಾ ಕೋಕರ್ ಎಂಬ ತರುಣಿಯು ೮೬,೫೭೩ ಮೈಲಿ ಸಾಗಿ ಆತನನ್ನೂ ಹಿಂದಿಕ್ಕಿದಳು.

ಈ ಅಂಕೆಗಳಿಗಿಂತ ನಮ್ಮ ಗಮನಕ್ಕೆ ಯೋಗ್ಯವಾದ ಸಂಗತಿ ಬೇರೊಂದಿದೆ. ಅಂಥ ಸವಾರರು ತಾವು ಹೋದಲ್ಲೆಲ್ಲ ಸಾಕ್ಷಿಗಳಿಂದ ಚೀಟಿಗೆ ಸಹಿ ಪಡೆದು ಪತ್ರಿಕೆಗೆ ಒಪ್ಪಿಸಬೇಕಾಗಿತ್ತು. ದಾರಿ ಸಾಗಿದರೆ ಸಾಲದು, ಸಾಗಿದುದಕ್ಕೆ ಸಾಕ್ಷಿ ಬೇಕು. ಅನ್ಯರ ಸಾಕ್ಷಿ ಇದ್ದಲ್ಲಿ ಸತ್ಯವು ಸುಲಭ.

೩. ನಮ್ಮ ನಾಡಿನ ಸವಾರರು

ಇದು ಪರದೇಶದ ಮಾತಾಯಿತೆಂದು ಯಾರೂ ಭಾವಿಸಬೇಕಾಗಿಲ್ಲ. ಫ್ರಾನ್ಸಿನಲ್ಲಿ ಹುಟ್ಟಿದ ‘ಬ್ರೆವೆ’ ಎಂಬ ದೂರಸವಾರಿಯ ಪದ್ಧತಿಯು ಇಂದು ಬೆಂಗಳೂರು, ಹುಬ್ಬಳ್ಳಿ ಮುಂತಾದ ನಗರಗಳಲ್ಲಿ ಬೇರೂರಿದೆ. ನವೆಂಬರ್ ೧ರಿಂದ ಮರುವರ್ಷದ ಅಕ್ಟೋಬರ್ ೩೧ರವರೆಗೆ ಅದರ ವರ್ಷ. ಆ ಅವಧಿಯಲ್ಲಿ ೨೦೦, ೩೦೦, ೪೦೦, ೬೦೦ ಕಿಲೋಮೀಟರುಗಳ ನಾಲ್ಕು ಸವಾರಿಗಳನ್ನು ಕ್ರಮವಾಗಿ ಹದಿಮೂರೂವರೆ, ೨೦, ೨೭, ೪೦ ಗಂಟೆಗಳೊಳಗೆ ಮುಗಿಸಿದವರಿಗೆ ‘ಸೂಪರ್ ರಾಂದನ್ಯೂರ್’ ಎಂಬ ಬಿರುದು. ಇಲ್ಲಿ ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಭೇದವಿಲ್ಲ. ಕಾಲಮಿತಿಯೊಳಗೆ ಮುಟ್ಟಿದವರೆಲ್ಲರೂ ಸಮಾನರು. ದಾರಿಯ ಗೊತ್ತಾದ ಠಾಣ್ಯಗಳಲ್ಲಿ ಸವಾರನ ಕಾರ್ಡಿಗೆ ಮುದ್ರೆ ಬೀಳುತ್ತದೆ. ಇಲ್ಲಿಯೂ ಸಾಕ್ಷಿಯೇ ಪ್ರಧಾನ. ನಾಲತವಾಡದಿಂದ ವಿಜಯಪುರಕ್ಕೆ ಹೋಗಿ ಬಂದರೆ ಹೆಚ್ಚುಕಡಿಮೆ ಮೊದಲನೆಯ ಸವಾರಿಯಷ್ಟಾಗುತ್ತದೆಯೆಂದರೆ ಓದುಗರಿಗೆ ಅದರ ಅಳತೆ ತಿಳಿದೀತು.

ನಮ್ಮ ಅಖಂಡ ವಿಜಾಪುರ ಜಿಲ್ಲೆಯಂತೂ, ಎಂದರೆ ಇಂದಿನ ವಿಜಯಪುರ ಹಾಗೂ ಬಾಗಲಕೋಟೆ ಜಿಲ್ಲೆಗಳೆರಡೂ, ಸೈಕಲ್ ಪಟುಗಳ ತವರೆಂದು ಹೆಸರಾಗಿವೆ. ಒಕ್ಕಲುತನದ ಮನೆಗಳ ಹುಡುಗ ಹುಡುಗಿಯರು ಇಲ್ಲಿಯ ರಸ್ತೆಗಳಲ್ಲಿ ತುಳಿದು ತುಳಿದು ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ಎರೆನಾಡಿನ ಬಟ್ಟಬಯಲು, ನೇರವಾದ ದಾರಿ, ಎದುರುಗಾಳಿ, ಬಿಸಿಲು ಇವೇ ಅವರಿಗೆ ಮೊದಲ ಗರಡಿ.

೪. ಜಯಂತಿಯಿಂದ ಜಯಂತಿಗೆ

ನನ್ನ ನೇಮವು ಇಂಥ ಸಾಹಸಗಳ ಮುಂದೆ ತೀರ ಅಲ್ಪವಾದದ್ದು. ೨೦೨೪ರ ಮೇ ೧೦, ಬಸವ ಜಯಂತಿಯ ದಿನ, ಒಂದು ಇನ್ನೂರು ಪುಟದ ನೋಟುಬುಕ್ಕಿನ ಮೊದಲ ಹಾಳೆಯಲ್ಲಿ ಹೀಗೆ ಬರೆದೆನು: ಈ ಜಯಂತಿಯಿಂದ ಮುಂದಿನ ಜಯಂತಿಯ ಮುನ್ನಾದಿನದವರೆಗೆ ೪,೦೦೦ ಕಿಲೋಮೀಟರು, ತಿಂಗಳಿಗೊಮ್ಮೆ ಒಂದೇ ದಿನದಲ್ಲಿ ೧೦೦ ಕಿಲೋಮೀಟರು. ವಾಹನವೆಂದರೆ ಕ್ಯಾರಿಯರ್ ಸಹಿತವಾದ ಹಳೆಯ ಕರಿಯ ಸೈಕಲ್ಲು. ಗಾಲಿಗೆ ಒಂದು ಸಣ್ಣ ಮೀಟರು ಕಟ್ಟಿಸಿದೆ. ವಿಷಯವನ್ನು ತರಗತಿಯಲ್ಲಿ ಹೇಳಿದೆ. ಹೇಳಬಾರದಾಗಿತ್ತೋ ಏನೋ! ಮರುದಿನದಿಂದ ಮಕ್ಕಳೇ ಕರಿಹಲಗೆಯ ಮೂಲೆಯಲ್ಲಿ ಮೊತ್ತವನ್ನು ಬರೆದಿಡತೊಡಗಿದರು. “ಇವತ್ತಿಗೆ ಎಷ್ಟಾತ್ರಿ ಸರ್?” ಎಂಬುದೇ ದಿನದ ಮೊದಲ ಪ್ರಶ್ನೆಯಾಯಿತು.

ಸಾಧಾರಣ ಸೈಕಲ್ಲಿನ ಮುಂದಿನ ಚಕ್ರಕ್ಕೆ ೪೪ ಹಲ್ಲು, ಹಿಂದಿನ ಫ್ರೀವೀಲಿಗೆ ೧೮ ಹಲ್ಲು. ಪೆಡಲು ಒಂದು ಸುತ್ತು ತಿರುಗಿದರೆ ಗಾಲಿಯು ಎರಡೂವರೆಗೆ ತುಸು ಕಡಿಮೆ ಸುತ್ತು ತಿರುಗುತ್ತದೆ. ೨೮ ಇಂಚಿನ ಗಾಲಿಗೆ ಇದು ಸುಮಾರು ಐದೂವರೆ ಮೀಟರಿನ ದಾರಿ. ಎಂದ ಮೇಲೆ ಕಿಲೋಮೀಟರಿಗೆ ಸುಮಾರು ೧೮೦ ತುಳಿತ. ೧೦೦ ಕಿಲೋಮೀಟರಿಗೆ ೧೮,೦೦೦ ತುಳಿತ. ಇದನ್ನು ಲೆಕ್ಕ ಮಾಡಿ ತಿಳಿದ ದಿನ ನನಗೆ ಜಪಮಾಲೆಯ ನೆನಪಾಯಿತು. ಮಣಿಯೊಂದನ್ನು ಬಿಟ್ಟು ಮುಂದಿನದಕ್ಕೆ ಹಾರುವಂತಿಲ್ಲ. ಹಾರಿದರೆ ಅದು ಜಪವೇ ಅಲ್ಲ.

ಋತುಗಳ ಪಾಠವೂ ಆಯಿತು. ಬೇಸಿಗೆಯಲ್ಲಿ ನಸುಕಿನ ನಾಲ್ಕು ಗಂಟೆಗೇ ಹೊರಡಬೇಕು. ಹತ್ತರ ಮೇಲೆ ಡಾಂಬರು ರಸ್ತೆಯೇ ಕಾದ ಹಂಚು. ಮಳೆಗಾಲದಲ್ಲಿ ರಸ್ತೆ ಬಿಟ್ಟು ನಾಲ್ಕು ಹೆಜ್ಜೆ ಇಳಿದರೆ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಸೈಕಲ್ಲನ್ನು ಹೊತ್ತೇ ತರಬೇಕು. ಸುಗ್ಗಿಯ ಕಾಲ ಹಿತಕರ; ಆದರೆ ಬೇಲಿ ಕಡಿದ ಜಾಲಿಮುಳ್ಳು ದಾರಿಯ ತುಂಬ. ಪಂಪು, ಸಲ್ಯೂಷನ್, ರಬ್ಬರಿನ ತುಂಡು ಇಲ್ಲದೆ ಹೊರಡುವುದು ಅವಿವೇಕ. ವರ್ಷಾವಧಿಯ ನೇಮದ ಗುಣವೇ ಇದು: ಅನುಕೂಲದ ಋತುವನ್ನು ಮಾತ್ರ ಆರಿಸಿಕೊಳ್ಳಲು ಅದು ಬಿಡದು.

೫. ಇಪ್ಪತ್ತನಾಲ್ಕು ಕಿಲೋಮೀಟರು

ಆಷಾಢದ ತಿಂಗಳ ದೀರ್ಘಸವಾರಿಗೆಂದು ಒಂದು ರವಿವಾರ ಮುದ್ದೇಬಿಹಾಳವನ್ನು ದಾಟಿ ಬಸವನ ಬಾಗೇವಾಡಿಯ ಹಾದಿ ಹಿಡಿದೆನು. ೫೦ನೆಯ ಕಿಲೋಮೀಟರಿಗೆ ತಿರುಗಿ ಬರಬೇಕೆಂಬುದು ಸಂಕಲ್ಪ. ಆಷಾಢದ ಗಾಳಿಯ ಪರಿಚಯ ನಮ್ಮವರಿಗೆ ಹೇಳಬೇಕಾಗಿಲ್ಲ. ಅಂದು ಅದು ಎದೆಗೆ ಕೈಕೊಟ್ಟು ತಳ್ಳಿದಂತೆ ಬೀಸುತ್ತಿತ್ತು. ಜೊತೆಗೆ ಜಡಿಮಳೆ. ೩೮ ಕಿಲೋಮೀಟರಿಗೆ ಕಾಲುಗಳು ಸೋತವು, ತಿರುಗಿ ಬಂದೆನು. ಮನೆ ಮುಟ್ಟಿದಾಗ ಮೀಟರಿನಲ್ಲಿ ೭೬ ಇತ್ತು.

ಆ ರಾತ್ರಿ ನೋಟುಬುಕ್ಕಿನಲ್ಲಿ ೧೦೦ ಎಂದು ಬರೆದೆನು.

ಬರೆಯುವಾಗ ಮನಸ್ಸು ಅನೇಕ ಸಮಾಧಾನಗಳನ್ನು ಒದಗಿಸಿತು. ಎದುರುಗಾಳಿಯಲ್ಲಿ ತುಳಿದ ೭೬ ಉಳಿದ ದಿನಗಳ ನೂರಕ್ಕೆ ಸಮವಲ್ಲವೆ? ನಾಳೆ ಮಕ್ಕಳು ಕೇಳಿದರೆ ಏನು ಹೇಳುವುದು? ಮುಂದೆ ಎಂದಾದರೂ ೨೪ನ್ನು ತುಂಬಿ ಕೊಟ್ಟರಾಯಿತು. ಮರುದಿನ ಮಕ್ಕಳು ಚಪ್ಪಾಳೆ ತಟ್ಟಿ ಮೊತ್ತವನ್ನು ಬರೆದರು. ಅಂದಿನಿಂದ ಆ ಮೂಲೆಯ ಕಡೆಗೆ ನೋಡುವುದನ್ನು ನಾನು ಬಿಟ್ಟೆನು.

ತುಂಬಿ ಕೊಡುವ ದಿನ ಬರಲೇ ಇಲ್ಲ. ಪ್ರತಿದಿನದ ತುಳಿತ ಆ ದಿನದ ಲೆಕ್ಕಕ್ಕೇ ಹೋಯಿತು. ೨೦೨೫ರ ಏಪ್ರಿಲ್ ೨೯ರ ಸಂಜೆ, ಜಯಂತಿಯ ಮುನ್ನಾದಿನ, ಕೊನೆಯ ಸವಾರಿಯನ್ನು ಬರೆದು ಮೊತ್ತ ಕೂಡಿಸಿದಾಗ ೪,೦೧೨ ಎಂದು ಬಂದಿತು. ಅದರಲ್ಲಿ ೨೪ ಕಳೆದರೆ ೩,೯೮೮. ನೇಮವು ೧೨ ಕಿಲೋಮೀಟರಿನಿಂದ ತಪ್ಪಿತ್ತು. ಮರುದಿನದ ಸಭೆಯಲ್ಲಿ ನನಗೊಂದು ಶಾಲು ಹೊದಿಸಬೇಕೆಂದು ಹಿರಿಯರು ಗೊತ್ತುಮಾಡಿದ್ದರು.

ಸಹೋದ್ಯೋಗಿಯೊಬ್ಬರಿಗೆ ನಿಜವನ್ನು ಹೇಳಿದೆನು. ಅವರು ಸಜ್ಜನರು, ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದರು: “ವರ್ಷ ಅಂದ್ರ ೩೬೫ ದಿನ ಅಲ್ಲೇನ್ರಿ ಪಂಡಿತರ? ಜಯಂತಿಯಿಂದ ಜಯಂತಿಗೆ ೩೫೫ ಆತು. ಇನ್ನ ಹತ್ತು ದಿನ ಅದಾವ. ಹನ್ನೆರಡು ಕಿಲೋಮೀಟರ್ ಏನು ದೊಡ್ಡದು?” ಲೆಕ್ಕ ಸರಿಯಾಗಿತ್ತು. ಆದರೆ ಮೊದಲ ಹಾಳೆಯಲ್ಲಿ ನಾನು ಬರೆದದ್ದು ಜಯಂತಿಯಿಂದ ಜಯಂತಿಗೆ ಎಂದು. ಒಂದು ಅಂಕೆಯನ್ನು ತಿದ್ದಿದವನು ಈಗ ವರ್ಷವನ್ನೇ ತಿದ್ದಬೇಕಾಗಿತ್ತು.

ಅಂದು ರಾತ್ರಿ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ. ಕೃಷ್ಣೆಯ ಆಚೆಗೆ, ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು ಅವರು. ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಲ್ಲೆನೆಂದಳು. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಹೇಳಿದಳು. ಈ ಪ್ರಸಂಗವನ್ನು ನಾನು ಎಷ್ಟು ಸಲ ಪಾಠ ಹೇಳಿದ್ದೇನೋ ಲೆಕ್ಕವಿಲ್ಲ. ಆ ಅಕ್ಕಿಯಾದರೋ ಕದ್ದದ್ದಲ್ಲ, ಅಂಗಳದಲ್ಲಿ ನಿಜವಾಗಿ ಬಿದ್ದಿತ್ತು. ನನ್ನ ೨೪ ಕಿಲೋಮೀಟರು ಯಾವ ಅಂಗಳದಲ್ಲಿಯೂ ಬಿದ್ದಿರಲಿಲ್ಲ.

ಮರುದಿನ ಬೆಳಿಗ್ಗೆ ಸಭೆಗೆ ಮೊದಲೇ ಹಿರಿಯರನ್ನು ಕಂಡು ಶಾಲು ಬೇಡವೆಂದು ಬಿನ್ನವಿಸಿಕೊಂಡೆನು. ಆ ತಿಂಗಳ ನೂರನ್ನು ಕೆಂಪು ಶಾಯಿಯಿಂದ ಹೊಡೆದು ೭೬ ಎಂದು ಬರೆದೆನು. ಶಾಲೆ ಮರಳಿ ಆರಂಭವಾದಾಗ ನೋಟುಬುಕ್ಕನ್ನು ತರಗತಿಗೆ ಒಯ್ದು ಆ ಹಾಳೆಯನ್ನು ತೆರೆದು ತೋರಿಸಿದೆನು. ಮಕ್ಕಳು ಬಹಳ ಹೊತ್ತು ಸುಮ್ಮನಿದ್ದರು. ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ಕೇಳಿದ: “ಹಂಗಾರ ಉಳದ ದಿನದ ಲೆಕ್ಕ ಎಲ್ಲಾ ಖರೇನ ಏನ್ರಿ ಸರ್?” ಖರೆಯೇ ಎಂದೆ. ಅವನು ಕುಳಿತ. ನಂಬಿದನೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ. ಒಂದು ಸುಳ್ಳು ಅಂಕೆಯ ಬೆಲೆ ಅದು: ನೂರಾರು ನಿಜವಾದ ಅಂಕೆಗಳು ಅದರೊಡನೆ ಸಂದೇಹಕ್ಕೆ ಒಳಗಾಗುತ್ತವೆ.

೬. ಫಲಿತಾರ್ಥ

ಗಾಡ್ವಿನ್ನನ ಚೀಟಿಗೆ ಸಾಕ್ಷಿಗಳ ಸಹಿ ಇತ್ತು. ಬ್ರೆವೆಯ ಕಾರ್ಡಿಗೆ ಠಾಣ್ಯದ ಮುದ್ರೆಯುಂಟು. ಸ್ವಂತದ ನೇಮಕ್ಕೆ ಅರಿವೊಂದೇ ಸಾಕ್ಷಿ. ಆ ಸಾಕ್ಷಿ ಇರುವವರೆಗೆ ಛಲವು ಕನ್ನಡದ ಛಲ; ಅದು ತಪ್ಪಿದ ಕ್ಷಣವೇ ಸಂಸ್ಕೃತದ ಛಲ. ಇವೆರಡರ ನಡುವಿನ ದೂರ ನನ್ನ ಪಾಲಿಗೆ ೨೪ ಕಿಲೋಮೀಟರು.

ನೇಮ ಹಿಡಿಯಬಯಸುವ ಶಿಕ್ಷಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ಅನುಭವದ ಮೂರು ಮಾತು. ಒಂದು, ಅಳತೆಯು ತನ್ನ ಕಾಲಿಗೆ ತಕ್ಕುದಾಗಿರಲಿ. ನಾನು ಎರಡನೆಯ ವರ್ಷಕ್ಕೆ ೪,೦೦೦ವನ್ನು ೩,೦೦೦ಕ್ಕೆ ಇಳಿಸಿದೆನು. ಎರಡು, ಲೆಕ್ಕವನ್ನು ಅಂದಂದೇ, ಮೀಟರನ್ನು ನೋಡಿಯೇ ಬರೆಯಬೇಕು. ಸವಾರಿ ತಪ್ಪಿದ ದಿನ ಸೊನ್ನೆಯನ್ನು ಬರೆಯಲು ನಾಚಬಾರದು. ಮೂರು, ಖಗೋಳಜ್ಞ ಎಡಿಂಗ್ಟನ್ (೧೮೮೨–೧೯೪೪) ಬಳಸುತ್ತಿದ್ದ ಅಳತೆಯೊಂದುಂಟು. ಅದು ಅತ್ಯಂತ ಸಾತ್ವಿಕವಾದುದು. ೩೦ ದಿನಗಳಲ್ಲಿ, ದಿನಕ್ಕೆ ೩೦ಕ್ಕೆ ಕಡಿಮೆಯಿಲ್ಲದಂತೆ ತುಳಿದವನ ಅಂಕೆ ೩೦. ಅದು ೩೧ ಆಗಬೇಕಾದರೆ ೩೧ ದಿನ ೩೧ಕ್ಕೆ ಕಡಿಮೆಯಾಗಬಾರದು. ಆತನು ಮೈಲಿಗಳಲ್ಲಿ ಎಣಿಸುತ್ತಿದ್ದನು. ನಾವು ಕಿಲೋಮೀಟರುಗಳಲ್ಲಿ ಎಣಿಸಬಹುದು. ಒಂದು ದಿನದ ಅಬ್ಬರದಿಂದ ಅದು ಏರದು. ಹಲವು ದಿನಗಳ ನಿಷ್ಠೆಯಿಂದ ಮಾತ್ರ ಏರುತ್ತದೆ.

ಇನ್ನೊಂದು ಬಿನ್ನಹ. ೨೦೦೬-೦೭ರಿಂದ ಹಲವು ವರ್ಷಗಳ ಕಾಲ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರವು ಸೈಕಲ್ಲುಗಳನ್ನು ಹಂಚಿತು. ಸುತ್ತಲಿನ ಹಳ್ಳಿಗಳಿಂದ ಎಷ್ಟೋ ಹೆಣ್ಣುಮಕ್ಕಳು ಶಾಲೆ ಬಿಡದೆ ಕಲಿತದ್ದರಲ್ಲಿ ಅವುಗಳ ಪಾಲೂ ಇದೆ. ಅವುಗಳಲ್ಲಿ ಅನೇಕವು ಇಂದು ದನದ ಕೊಟ್ಟಿಗೆಯ ಗೋಡೆಗೆ ಒರಗಿ, ಟಯರು ಸೀಳಿ, ಚೈನು ತುಕ್ಕು ಹಿಡಿದು ನಿಂತಿವೆ. ದಾನಿಗಳು ಹೊಸದನ್ನು ಕೊಡಿಸಬೇಕೆಂದಿಲ್ಲ. ಶಾಲೆಯ ಒಂದು ಮೂಲೆಯಲ್ಲಿ ಹವಾ ಹಾಕುವ ಪಂಪು, ಪಂಕ್ಚರಿನ ಸಾಮಾನು, ನಾಲ್ಕು ಪಾನೆ, ಒಂದು ಡಬ್ಬಿ ಎಣ್ಣೆ ಇದ್ದರೆ ಮಕ್ಕಳೇ ದುರಸ್ತಿ ಕಲಿತು ಅವುಗಳಿಗೆ ಮರುಜನ್ಮ ಕೊಟ್ಟಾರು. ಪಕ್ಕದಲ್ಲಿ ಒಂದು ನೋಟುಬುಕ್ಕೂ ಇರಲಿ. ಅದರ ಮೊದಲ ಹಾಳೆಯಲ್ಲಿ ಪ್ರತಿ ಮಗುವೂ ತನ್ನ ನೇಮವನ್ನು ತಾನೇ ಬರೆಯಲಿ. ಅದನ್ನು ಪರೀಕ್ಷಿಸಲು ಶಿಕ್ಷಕರು ಹೋಗುವುದು ಬೇಡ.

ನನ್ನ ನೋಟುಬುಕ್ಕನ್ನು ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಿದ್ದೇನೆ. ನೋಡಬಯಸುವವರು ಆಷಾಢದ ಹಾಳೆಯನ್ನು ತೆರೆದು ನೋಡಬಹುದು. ಕೆಂಪು ಗೆರೆ ಎದ್ದು ಕಾಣುತ್ತದೆ.